ಮನೆಮಂದಿಯ ಆರೋಗ್ಯ: ಅಡಿಗೆಯ ಕೈಯೂ ರಕ್ತದ ರೋಗವೂ

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಹೆಚ್ಚಿನವು ಮಕ್ಕಳ ಕೆಮ್ಮು, ಹಿರಿಯರ ಮೊಣಕಾಲು ನೋವು, ದಿಲ್ಲಿಯ ಚಳಿ ಇವುಗಳನ್ನು ಕುರಿತವು. ಈ ಸಲ ಕೈಸೇರಿದ ಪತ್ರವೊಂದರ ವಿಷಯ ಬೇರೆ. ಬರೆದವರು ಜನಕಪುರಿಯ ಸೋದರಿಯೊಬ್ಬರು. ಅವರ ಮನೆಗೂ ನೆರೆಹೊರೆಯ ಕನ್ನಡ ಮನೆಗಳಿಗೂ ಹಬ್ಬ, ಮುಂಜಿ, ಸೀಮಂತಗಳಲ್ಲಿ ಬಹುಕಾಲದಿಂದ ಅಡಿಗೆ ಮಾಡಿಕೊಂಡು ಬಂದ ಕರಾವಳಿ ಕಡೆಯ ಅಡಿಗೆಯವರೊಬ್ಬರು ರಕ್ತದಾನ ಮಾಡಿದರಂತೆ. ಕೆಲವು ದಿನಗಳ ತರುವಾಯ ರಕ್ತನಿಧಿಯಿಂದ ಕರೆ ಬಂತು. ರಕ್ತದಲ್ಲಿ ಹೆಪಟೈಟಿಸ್ ಸಿ ಎಂಬ ರೋಗದ ಸೂಚನೆಯಿದೆ, ವೈದ್ಯರನ್ನು ಕಾಣಿರಿ ಎಂದರು. ಪ್ರಾಮಾಣಿಕ ಮನುಷ್ಯ, ಮುಚ್ಚಿಡದೆ ತಾವು ಕೆಲಸ ಮಾಡುವ ಮನೆಗಳಲ್ಲಿ ಹೇಳಿದರು. ಎರಡು ಮನೆಯವರು ಕೊಟ್ಟ ಮುಂಗಡವನ್ನು ಹಿಂದಕ್ಕೆ ಕೇಳಿದರು. “ಮೊಮ್ಮಗನ ನಾಮಕರಣಕ್ಕೆ ಇವರನ್ನೇ ಕರೆಯಬೇಕೆಂದಿದ್ದೆವು. ಈಗ ಮನೆಯಲ್ಲಿ ಬೇಡವೆನ್ನುತ್ತಾರೆ. ಎಳೆಯ ಮಗುವಿರುವ ಮನೆ. ನಾವು ಮಾಡಬೇಕಾದುದೇನು?” ಎಂದು ಸೋದರಿ ಕೇಳಿದ್ದಾರೆ.

ಉತ್ತರವನ್ನು ಮೊದಲೇ ಹೇಳಿಬಿಡುವುದು ಮೇಲು. ನಾಮಕರಣದ ಅಡಿಗೆಯನ್ನು ಅವರಿಂದಲೇ ಮಾಡಿಸಬಹುದು. ಹೆಪಟೈಟಿಸ್ ಸಿ ಊಟದಿಂದ ಹರಡುವ ರೋಗವಲ್ಲ. ನೀರಿನಿಂದ ಬರುವುದಿಲ್ಲ, ಎಂಜಲಿನಿಂದ ಬರುವುದಿಲ್ಲ, ಒಂದೇ ಪಂಕ್ತಿಯಲ್ಲಿ ಕುಳಿತು ಉಂಡದ್ದರಿಂದಲೂ ಬರುವುದಿಲ್ಲ. ಒಬ್ಬರ ರಕ್ತ ಇನ್ನೊಬ್ಬರ ರಕ್ತವನ್ನು ಸೇರಿದಾಗ ಹರಡುವ ರೋಗ ಅದು. ಆದರೆ ಇಷ್ಟೇ ಹೇಳಿದರೆ ಮನೆಯವರ ಅಂಜಿಕೆ ಹೋಗದೆಂಬುದು ನಮಗೂ ಗೊತ್ತು. ಆ ಅಂಜಿಕೆ ಎಲ್ಲಿಂದ ಬಂತೆಂಬುದನ್ನು ಸ್ವಲ್ಪ ವಿಚಾರಿಸೋಣ.

ಕಾಮಾಲೆ ಒಂದೇ ಬಗೆಯದಲ್ಲ

ಕಣ್ಣು ಹಳದಿಯಾದರೆ ನಾವು ಕಾಮಾಲೆ ಎನ್ನುತ್ತೇವೆ, ಕೆಲವು ಕಡೆ ಕಾಮಣಿ ಎನ್ನುತ್ತಾರೆ. ಇಲ್ಲಿಯ ನೆರೆಯವರು ಪೀಲಿಯಾ ಎನ್ನುತ್ತಾರೆ. ಹೆಸರು ಒಂದೇ ಆದುದರಿಂದ ರೋಗವೂ ಒಂದೇ ಎಂದು ಭಾವಿಸುವುದು ಸಹಜ. ನಿಜವಾಗಿ ಹಳದಿ ಬಣ್ಣವು ಯಕೃತ್ತಿಗೆ ತೊಂದರೆಯಾಗಿದೆಯೆಂಬುದರ ಗುರುತು ಮಾತ್ರ. ಆ ತೊಂದರೆಗೆ ಕಾರಣವಾಗುವ ಮುಖ್ಯ ವೈರಾಣುಗಳು ಐದು. ಅವುಗಳಿಗೆ ವೈದ್ಯರು ಎ, ಬಿ, ಸಿ, ಡಿ, ಇ ಎಂದು ಹೆಸರಿಟ್ಟಿದ್ದಾರೆ. ಇವುಗಳಲ್ಲಿ ಎ ಮತ್ತು ಇ ಬಾಯಿಯ ಮೂಲಕ ಒಳಹೋಗುವಂಥವು. ಮಲದಿಂದ ಕೆಟ್ಟ ನೀರು, ಅದರಲ್ಲಿ ತೊಳೆದ ತರಕಾರಿ, ಶೌಚಕ್ಕೆ ಹೋಗಿಬಂದು ತೊಳೆಯದ ಕೈ ಇವುಗಳ ಮೂಲಕ ಅವು ಹರಡುತ್ತವೆ. ಸಿ ಎಂಬುದು ರಕ್ತದ ಮೂಲಕ ಹರಡುವುದು. ಬಿ ಮತ್ತು ಡಿ ರಕ್ತದ ಜೊತೆಗೆ ದಾಂಪತ್ಯ ಸಂಪರ್ಕದಿಂದಲೂ ಹೆರಿಗೆಯ ಕಾಲದಲ್ಲಿ ತಾಯಿಯಿಂದ ಮಗುವಿಗೂ ದಾಟಬಲ್ಲವು.

ದಿಲ್ಲಿಯವರಿಗೆ ಕಾಮಾಲೆಯೆಂದರೆ ನೀರು, ಊಟ ಇವೇ ನೆನಪಾಗುವುದಕ್ಕೆ ಬಲವಾದ ಕಾರಣವಿದೆ. ನಮ್ಮ ಜನಕಪುರಿ ಇನ್ನೂ ಹುಟ್ಟಿರದ ಕಾಲದ ಮಾತು. 1955ರಲ್ಲಿ ಯಮುನೆಗೆ ಪ್ರವಾಹ ಬಂದು ಇಳಿದ ಮೇಲೆ ಹೊಳೆಯ ಹರಿವು ಬದಲಾಯಿತು. ಇಂದು ವಿಕಾಸಪುರಿಯ ಅಂಚಿನಲ್ಲಿ ನಾವು ಮೂಗು ಮುಚ್ಚಿಕೊಂಡು ದಾಟುವ ಅದೇ ನಜಫ್‌ಗಢದ ನಾಲೆಯ ಕೊಳಚೆ, ವಜೀರಾಬಾದಿನಲ್ಲಿ ನಗರಕ್ಕೆ ಕುಡಿಯುವ ನೀರನ್ನು ಎತ್ತುವ ಸ್ಥಳವನ್ನು ಸೇರಿತು. ಅದು ನವೆಂಬರಿನಲ್ಲಿ. ಡಿಸೆಂಬರ್ ಹುಟ್ಟುತ್ತಲೇ ಕಾಮಾಲೆ ಕಾಣಿಸಿಕೊಂಡು, 1956ರ ಜನವರಿ ಮುಗಿಯುವುದರೊಳಗೆ 29,000ಕ್ಕೂ ಮಿಕ್ಕ ಜನ ಹಾಸಿಗೆ ಹಿಡಿದರು. ಲೋಕದ ವೈದ್ಯಗ್ರಂಥಗಳಲ್ಲೆಲ್ಲ ದಿಲ್ಲಿಯ ಈ ಸಂಗತಿ ಬರೆದಿಡಲಾಗಿದೆ. ಆಗ ಅದನ್ನು ಎ ಬಗೆಯದೆಂದು ತಿಳಿದಿದ್ದರು. ತೆಗೆದಿರಿಸಿದ್ದ ಆ ಕಾಲದ ರಕ್ತದ ಮಾದರಿಗಳನ್ನು ಮುಂದೆ ಪರೀಕ್ಷಿಸಿ, ಇದು ಎ ಅಲ್ಲ, ಬಿ ಕೂಡ ಅಲ್ಲ ಎಂದು 1980ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ಆ ರೋಗಕ್ಕೇ ಇಂದು ಹೆಪಟೈಟಿಸ್ ಇ ಎಂಬ ಹೆಸರು. ಗರ್ಭಿಣಿಯರಿಗೆ ಅದು ಬಹಳ ಅಪಾಯಕರ.

ಎ ಮತ್ತು ಇ ಬಗೆಯವು ಹೆಚ್ಚಿನವರಲ್ಲಿ ಕೆಲವು ವಾರಗಳಲ್ಲಿ ತಾವಾಗಿಯೇ ಇಳಿಯುತ್ತವೆ. ಊರಿನಲ್ಲಿ ನೆಲನೆಲ್ಲಿಯ ರಸ ಕುಡಿಸಿದವರಿಗೂ, ಕೈಗೆ ಬರೆ ಹಾಕಿದವರಿಗೂ, ಇಲ್ಲಿ ಮಂತ್ರ ಹಾಕಿ ಮಾಲೆ ಕಟ್ಟುವವರಿಗೂ ಹೆಸರು ಬಂದದ್ದು ಹೀಗೆ. ಹೆಪಟೈಟಿಸ್ ಸಿ ಈ ಜಾತಿಯದಲ್ಲ. ಅದು ಬಂದವರಲ್ಲಿ ಹೆಚ್ಚಿನವರ ಕಣ್ಣು ಹಳದಿಯಾಗುವುದೇ ಇಲ್ಲ. ನೂರು ಜನರಲ್ಲಿ ಸುಮಾರು ಮೂವತ್ತು ಜನರ ಶರೀರ ಆರು ತಿಂಗಳೊಳಗೆ ಅದನ್ನು ತಾನೇ ಹೊರಗಟ್ಟುತ್ತದೆ. ಉಳಿದ ಎಪ್ಪತ್ತು ಜನರಲ್ಲಿ ಅದು ಸದ್ದಿಲ್ಲದೆ ನೆಲೆನಿಲ್ಲುತ್ತದೆ. ಹೀಗೆ ನೆಲೆನಿಂತವರಲ್ಲಿ ನೂರಕ್ಕೆ ಹದಿನೈದರಿಂದ ಮೂವತ್ತು ಜನರಿಗೆ ಇಪ್ಪತ್ತು ವರ್ಷಗಳಲ್ಲಿ ಯಕೃತ್ತು ಗಟ್ಟಿಯಾಗಿ ಕುಗ್ಗುವ ಸಿರೋಸಿಸ್ ಎಂಬ ಸ್ಥಿತಿ ಒದಗಬಹುದು. ಕೆಲವರಿಗೆ ಅದರಿಂದ ಕ್ಯಾನ್ಸರೂ ಬರುವುದುಂಟು. ಆದುದರಿಂದ ರಕ್ತದಾನ ಮಾಡಿ ರೋಗವನ್ನು ಬೇಗ ತಿಳಿದುಕೊಂಡ ಅಡಿಗೆಯವರು ಒಂದು ಬಗೆಯಲ್ಲಿ ಅದೃಷ್ಟವಂತರೇ ಸರಿ.

ರಕ್ತದಿಂದ ರಕ್ತಕ್ಕೆ

ರಕ್ತ ಪಡೆದ ರೋಗಿಗಳಲ್ಲಿ ಕೆಲವರಿಗೆ ಯಕೃತ್ತಿನ ಊತ ಬರುತ್ತಿದ್ದುದನ್ನೂ, ಅದಕ್ಕೆ ಎ ಆಗಲಿ ಬಿ ಆಗಲಿ ಕಾರಣವಲ್ಲವೆಂಬುದನ್ನೂ ಅಮೆರಿಕದ ಹಾರ್ವೆ ಆಲ್ಟರ್ ಮತ್ತು ಅವರ ಸಂಗಡಿಗರು 1970ರ ದಶಕದಲ್ಲಿ ಗುರುತಿಸಿದರು. 1989ರಲ್ಲಿ ಮೈಕೆಲ್ ಹೌಟನ್ ಮತ್ತು ಅವರ ಜೊತೆಗಾರರು ಆ ವೈರಾಣುವನ್ನು ಕಂಡುಹಿಡಿದರು. ಅದೊಂದೇ ಈ ರೋಗಕ್ಕೆ ಕಾರಣವೆಂಬುದನ್ನು ಚಾರ್ಲ್ಸ್ ರೈಸ್ ಸಿದ್ಧಪಡಿಸಿದರು. ಈ ಮೂವರಿಗೂ 2020ರ ವೈದ್ಯ ನೊಬೆಲ್ ಪಾರಿತೋಷಕ ಸಂದಿತು. ರೋಗದ ಶೋಧವೇ ರಕ್ತ ಪಡೆದವರಿಂದ ಆರಂಭವಾದದ್ದನ್ನು ವಾಚಕರು ಗಮನಿಸಬೇಕು.

ಅದು ದಾಟುವ ಬಗೆಗಳು ಇವು: ಒಬ್ಬರಿಗೆ ಚುಚ್ಚಿದ ಸೂಜಿ ಮತ್ತು ಸಿರಿಂಜನ್ನು ಇನ್ನೊಬ್ಬರಿಗೆ ಬಳಸುವುದು; ಪರೀಕ್ಷೆ ಮಾಡದ ರಕ್ತವನ್ನು ಕೊಡುವುದು; ಡಯಾಲಿಸಿಸ್, ಹಲ್ಲಿನ ಚಿಕಿತ್ಸೆ ಮುಂತಾದುವುಗಳಲ್ಲಿ ಉಪಕರಣಗಳನ್ನು ಸರಿಯಾಗಿ ಶುದ್ಧಿಮಾಡದಿರುವುದು; ಜಾತ್ರೆ ಮೇಳಗಳಲ್ಲಿ ಒಂದೇ ಸೂಜಿಯಿಂದ ಹಲವರಿಗೆ ಹಚ್ಚೆ ಹಾಕುವುದು, ಕಿವಿ ಚುಚ್ಚುವುದು; ಮಾದಕದ್ರವ್ಯದ ಚಟವಿರುವವರು ಸೂಜಿ ಹಂಚಿಕೊಳ್ಳುವುದು; ಇನ್ನೊಬ್ಬರ ಕ್ಷೌರದ ಬ್ಲೇಡನ್ನು ಬಳಸುವುದು. ಸೋಂಕಿರುವ ತಾಯಿಯರು ನೂರು ಮಕ್ಕಳನ್ನು ಹೆತ್ತರೆ ಸುಮಾರು ಐದಾರು ಮಕ್ಕಳಿಗೆ ಬರಬಹುದು. ದಾಂಪತ್ಯದಿಂದ ಬರುವುದು ವಿರಳ. ಎದೆಹಾಲಿನಿಂದ, ಅಪ್ಪಿಕೊಂಡುದರಿಂದ, ಮುತ್ತಿಟ್ಟುದರಿಂದ, ಊಟವನ್ನೋ ಪಾನೀಯವನ್ನೋ ಹಂಚಿಕೊಂಡುದರಿಂದ ಬರುವುದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಸ್ಪಷ್ಟವಾಗಿ ಹೇಳಿದೆ. ಮಗುವಿರುವ ಮನೆಯೆಂದು ಬರೆದ ಸೋದರಿಗೆ ಈ ಮಾತು ಸಾಕೆಂದು ನಂಬುತ್ತೇವೆ.

ಇದಕ್ಕೆ ಈಜಿಪ್ಟ್ ದೇಶದ ಕಥೆಗಿಂತ ದೊಡ್ಡ ಸಾಕ್ಷ್ಯ ಬೇಡ. ಅಲ್ಲಿ ಕಾಲುವೆಯ ನೀರಿನಿಂದ ಹತ್ತುವ ಬಿಲ್‌ಹಾರ್ಜಿಯಾ ಎಂಬ ಹುಳುವಿನ ರೋಗವನ್ನು ಅಳಿಸಲು ಸರ್ಕಾರವು 1950ರ ದಶಕದಿಂದ 1980ರ ದಶಕದವರೆಗೆ ಹಳ್ಳಿಹಳ್ಳಿಯಲ್ಲಿ ಸೂಜಿಮದ್ದು ಕೊಡಿಸಿತು. ಉದ್ದೇಶ ಒಳ್ಳೆಯದೇ. ಆದರೆ ಒಬ್ಬರಿಗೆ ಬಳಸಿದ ಸೂಜಿಯನ್ನೇ ಸರಿಯಾಗಿ ಶುದ್ಧಿಮಾಡದೆ ಮತ್ತೊಬ್ಬರಿಗೆ ಬಳಸಿದರು. ಫಲವಾಗಿ ಹೆಪಟೈಟಿಸ್ ಸಿ ಲೋಕದಲ್ಲೇ ಅತಿ ಹೆಚ್ಚಾಗಿ ಹಬ್ಬಿದ ದೇಶಗಳ ಸಾಲಿನಲ್ಲಿ ಈಜಿಪ್ಟ್ ಮುಂದೆ ನಿಂತಿತು. ಆ ದೇಶವೇ 2018ರಲ್ಲಿ ಟೊಂಕಕಟ್ಟಿ ನಿಂತು, ಕೋಟಿಗಟ್ಟಲೆ ಜನರ ರಕ್ತವನ್ನು ಪರೀಕ್ಷಿಸಿ, ರೋಗವಿದ್ದವರಿಗೆ ಉಚಿತವಾಗಿ ಮದ್ದು ಕೊಟ್ಟಿತು. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮೆಚ್ಚುಗೆಯನ್ನೂ ಪಡೆಯಿತು. ಈ ಕೆಲಸ ಆದದ್ದು ಪರೀಕ್ಷೆಯಿಂದ ಮತ್ತು ಔಷಧದಿಂದ. ಅಡಿಗೆಯವರನ್ನು ಒಲೆಯ ಮುಂದಿನಿಂದ ಎಬ್ಬಿಸಿ ಅಲ್ಲಿ ಯಾರೂ ರೋಗವನ್ನು ಇಳಿಸಲಿಲ್ಲ.

ಅಡಿಗೆಮನೆಯಲ್ಲಿ ಎಚ್ಚರ

ನಮ್ಮ ಹಿರಿಯರು ಎಂಜಲು, ಮುಸುರೆ ಎಂದು ಕಟ್ಟುನಿಟ್ಟು ಮಾಡಿದುದರಲ್ಲಿ ಅರ್ಥವಿಲ್ಲದಿಲ್ಲ. ಕೈತೊಳೆದು ಬಡಿಸುವುದು, ಕುಡಿಯುವ ನೀರನ್ನು ಬೇರೆ ಇಡುವುದು, ಸೌಟನ್ನು ಬಾಯಿಗೆ ತಾಗಿಸದಿರುವುದು ಇವು ಹೊಟ್ಟೆಯ ರೋಗಗಳನ್ನು ದೂರವಿಡುವ ಪದ್ಧತಿಗಳು. ಟೈಫಾಯಿಡ್‌ಗೂ ಎ ಮತ್ತು ಇ ಬಗೆಯ ಕಾಮಾಲೆಗಳಿಗೂ ಅವು ತಡೆ. ಹೆಪಟೈಟಿಸ್ ಸಿ ವೈರಾಣುವಿಗೆ ಈ ನಿಯಮಗಳು ಸಂಬಂಧಪಡುವುದಿಲ್ಲ. ಅಲ್ಲಿ ನಾವು ನೋಡಬೇಕಾದುದು ರಕ್ತವನ್ನು ಮಾತ್ರ.

“ಈಳಿಗೆಮಣೆಯಲ್ಲಿ ಕೈ ಕೊಯ್ದುಕೊಂಡರೆ?” ಎಂಬ ಪ್ರಶ್ನೆ ಬಂದೇ ಬರುತ್ತದೆ. ಕೇಳುವುದು ನ್ಯಾಯವೇ. ಅಡಿಗೆಯವರು ಯಾರೇ ಆಗಿರಲಿ, ರೋಗವಿರಲಿ ಬಿಡಲಿ, ಕೈ ಕೊಯ್ದಾಗ ಮಾಡಬೇಕಾದುದು ಒಂದೇ. ಕೆಲಸ ನಿಲ್ಲಿಸಿ ಗಾಯವನ್ನು ಸೋಪು ನೀರಿನಿಂದ ತೊಳೆಯಬೇಕು. ರಕ್ತ ನಿಂತ ಮೇಲೆ ನೀರು ಇಳಿಯದ ಪಟ್ಟಿ ಹಾಕಿ, ಅದರ ಮೇಲೆ ಕೈಗವಸು ತೊಡಬೇಕು. ರಕ್ತ ಬಿದ್ದ ತರಕಾರಿಯನ್ನು ಎಸೆಯಬೇಕು. ಚಾಕು, ಮಣೆ, ಕಟ್ಟೆ ಇವುಗಳ ಮೇಲಿನ ರಕ್ತವನ್ನು ಕೈಗವಸು ತೊಟ್ಟು ಒರೆಸಿ, ಒಂದು ಪಾಲು ಬ್ಲೀಚಿಗೆ ಒಂಬತ್ತು ಪಾಲು ನೀರು ಬೆರೆಸಿ ಕೆಲವು ನಿಮಿಷ ಬಿಟ್ಟು ತೊಳೆಯಬೇಕು. ಒಣಗಿದ ರಕ್ತದ ಕಲೆಯಲ್ಲಿಯೂ ಈ ವೈರಾಣು ದಿನಗಟ್ಟಲೆ ಉಳಿಯಬಲ್ಲುದಾದುದರಿಂದ ಒರೆಸಿ ಬಿಟ್ಟರೆ ಸಾಲದು. ಪಟ್ಟಿ ಕಟ್ಟುವವರ ಕೈಯಲ್ಲಿ ತೆರೆದ ಗಾಯವಿದ್ದರೆ ಅವರಿಗೂ ಕೈಗವಸು ಬೇಕು. ಇಷ್ಟು ಸಾಮಾನನ್ನು ಒಂದು ಡಬ್ಬಿಯಲ್ಲಿಟ್ಟು ಅಡಿಗೆಮನೆಯ ಗೋಡೆಗೆ ತೂಗುಹಾಕುವುದು ದೊಡ್ಡ ಖರ್ಚಿನ ಕೆಲಸವಲ್ಲ.

ಆದರೆ ನಮ್ಮ ಗಮನ ನಿಜವಾಗಿ ಹೋಗಬೇಕಾದುದು ಅಡಿಗೆಯವರು ಮಲಗುವ ಕೋಣೆಯ ಕಡೆಗೆ. ಊರು ಬಿಟ್ಟು ಬಂದ ಹುಡುಗರು ಹೋಟೆಲಿನ ಮಾಳಿಗೆಯಲ್ಲೋ ಬಾಡಿಗೆಯ ಒಂದೇ ಕೋಣೆಯಲ್ಲೋ ಐದಾರು ಜನ ಕೂಡಿ ಇರುತ್ತಾರೆ. ಒಬ್ಬನ ರೇಜರು ಎಲ್ಲರ ರೇಜರು. ಉಗುರು ಕತ್ತರಿಸುವುದೂ ಒಂದೇ. ಒಮ್ಮೊಮ್ಮೆ ಹಲ್ಲಿನ ಬ್ರಷ್ಷೂ ಕೈಬದಲಾಗುತ್ತದೆ. ಜ್ವರ ಬಂದರೆ ರಜೆ ಸಿಗದು. ಹತ್ತಿರದ ಗಲ್ಲಿಯಲ್ಲಿ ಪದವಿಯಿಲ್ಲದೆ ವೈದ್ಯಕೀ ನಡೆಸುವ, ಇಲ್ಲಿಯವರು ಝೋಲಾಛಾಪ್ ಎಂದು ಕರೆಯುವ ‘ಡಾಕ್ಟರ’ನ ಹತ್ತಿರ ಹೋಗಿ ಒಂದು ಸೂಜಿ ಹಾಕಿಸಿಕೊಂಡು ಸಂಜೆಯ ದೋಸೆ ಹುಯ್ಯಲು ನಿಲ್ಲುತ್ತಾರೆ. ಈ ರೋಗ ದಾಟುವುದು ಇಂಥ ಕಡೆಗಳಲ್ಲಿ. ಪ್ರತಿಯೊಬ್ಬನಿಗೂ ಬೇರೆ ರೇಜರು, ಪ್ರತಿ ಸೂಜಿಗೂ ಕಣ್ಣೆದುರಿನಲ್ಲಿ ಒಡೆದ ಹೊಸ ಪೊಟ್ಟಣ ಎಂಬ ಎರಡು ನಿಯಮಗಳನ್ನು ಅವರಿಗೆ ಕಲಿಸಬೇಕು. ಗುಳಿಗೆಯಿಂದ ಹೋಗುವ ಜ್ವರಕ್ಕೆ ಸೂಜಿ ಬೇಡವೆಂಬುದನ್ನೂ ಹೇಳಬೇಕು. ಈ ಮಾತು ನಮ್ಮ ಮನೆಗಳಿಗೂ ಸಲ್ಲುತ್ತದೆ. ಸೂಜಿ ಚುಚ್ಚಿದರೇ ಮದ್ದು ಎಂಬ ಭ್ರಮೆ ಓದಿದವರಲ್ಲಿಯೂ ಇದೆ.

ಕಾನೂನು ಏನು ಹೇಳುತ್ತದೆ

ಹೋಟೆಲು ನಡೆಸುವ ನಮ್ಮವರು ಕೆಲವರು, “ಕೆಲಸದಲ್ಲಿಟ್ಟುಕೊಂಡರೆ ಲೈಸೆನ್ಸು ಹೋದೀತು” ಎಂದು ಹೆದರುತ್ತಾರೆ. ಆಹಾರ ಸುರಕ್ಷತೆಯ 2011ರ ಲೈಸೆನ್ಸ್ ನಿಯಮಗಳಲ್ಲಿ ಅಡಿಗೆ ಕೆಲಸದವರಿಗೆ ವರ್ಷಕ್ಕೊಮ್ಮೆ ವೈದ್ಯ ತಪಾಸಣೆ ಆಗಬೇಕೆಂದಿದೆ. ಶರೀರ, ಕಣ್ಣು, ಚರ್ಮ ಇವುಗಳ ಪರೀಕ್ಷೆ, ಟೈಫಾಯಿಡ್ ಮುಂತಾದ ಕರುಳಿನ ರೋಗಗಳ ಲಸಿಕೆ, ವೈದ್ಯರಿಗೆ ಸಂಶಯ ಬಂದರೆ ಅದಕ್ಕೆ ತಕ್ಕ ಪರೀಕ್ಷೆ, ಇಷ್ಟು ಅದರಲ್ಲಿ ಸೇರಿದೆ. ಆಹಾರದ ಮೂಲಕ ಹರಡುವ ರೋಗವಿದ್ದವರನ್ನು ಅಡಿಗೆಯಿಂದ ದೂರವಿಡಬೇಕೆಂಬುದು ನಿಯಮದ ಸಾರ. ಕಾಮಾಲೆ, ಭೇದಿ, ವಾಂತಿ, ಜ್ವರ, ಕೀವಾದ ಗಾಯ ಕಾಣಿಸಿದರೆ ಕೆಲಸಗಾರನು ಯಜಮಾನನಿಗೆ ತಿಳಿಸಬೇಕು. ಇದು ಸರಿಯಾದ ನಿಯಮವೇ. ಕಣ್ಣು ಹಳದಿಯಾದವರು, ಅದು ಯಾವ ಬಗೆಯೆಂದು ವೈದ್ಯರು ಹೇಳುವವರೆಗೆ ಅಡಿಗೆ ಮಾಡದಿರುವುದು ಒಳ್ಳೆಯದು.

ಈ ನಿಯಮದ ಹಿಂದಿನ ಅನುಭವಕ್ಕೆ ನ್ಯೂಯಾರ್ಕಿನ ಮೇರಿ ಮೆಲನ್ ಎಂಬ ಅಡಿಗೆಯಾಕೆ ಪ್ರಸಿದ್ಧ ಉದಾಹರಣೆ. ತಾನು ಆರೋಗ್ಯವಾಗಿದ್ದರೂ ಟೈಫಾಯಿಡಿನ ರೋಗಾಣುವನ್ನು ಹೊತ್ತಿದ್ದ ಆಕೆ ಅಡಿಗೆ ಮಾಡಿದ ಹಲವು ಮನೆಗಳಲ್ಲಿ ಜ್ವರ ಬಂತು. 1907ರಲ್ಲಿ ಆಕೆಯನ್ನು ಪತ್ತೆಹಚ್ಚಿದರು. ಟೈಫಾಯಿಡ್ ಕೈಯಿಂದ ಊಟಕ್ಕೆ ಇಳಿಯುವ ರೋಗ. ಹೆಪಟೈಟಿಸ್ ಸಿ ಹಾಗೆ ಇಳಿಯುವುದಿಲ್ಲ. ಆದುದರಿಂದಲೇ ಅಮೆರಿಕದ ರೋಗನಿಯಂತ್ರಣ ಕೇಂದ್ರವು 1998ರಲ್ಲಿ, ಈ ಸೋಂಕಿದೆಯೆಂಬ ಕಾರಣಕ್ಕೆ ಯಾರನ್ನೂ ಕೆಲಸದಿಂದಾಗಲಿ ಶಾಲೆಯಿಂದಾಗಲಿ ಹೊರಗಿಡಕೂಡದೆಂದು ಸೂಚಿಸಿತು. ಅಡಿಗೆಯವರನ್ನು ಬಿಡಿಸಿದರೆ ಆಗುವ ನಷ್ಟ ಅವರೊಬ್ಬರದೇ ಅಲ್ಲ. ಒಬ್ಬನ ಅನ್ನ ಹೋದುದನ್ನು ಕಂಡ ಉಳಿದ ಹತ್ತು ಜನ ಪರೀಕ್ಷೆಯನ್ನೇ ಮಾಡಿಸಿಕೊಳ್ಳದೆ ರೋಗವನ್ನು ಬಚ್ಚಿಡುತ್ತಾರೆ.

ಗುಣವಾಗುವ ರೋಗ

ಈ ರೋಗಕ್ಕೆ ಲಸಿಕೆಯಿಲ್ಲ. ಆದರೆ ಮದ್ದಿದೆ, ಅದರಿಂದ ರೋಗ ಪೂರ್ತಿ ಗುಣವಾಗುತ್ತದೆ. ಹಿಂದೆ ಇಂಟರ್‌ಫೆರಾನ್ ಎಂಬ ಸೂಜಿಮದ್ದನ್ನು ತಿಂಗಳುಗಟ್ಟಲೆ ಹಾಕಿಸಿಕೊಳ್ಳಬೇಕಾಗಿತ್ತು. ಜ್ವರ, ನಿಶ್ಶಕ್ತಿ ಬೆನ್ನುಹತ್ತುತ್ತಿದ್ದವು. ಖರ್ಚು ಬಡವರ ಕೈಗೆ ನಿಲುಕುತ್ತಿರಲಿಲ್ಲ. ಅಷ್ಟಾದರೂ ಗುಣವಾಗುವುದು ಖಚಿತವಿರಲಿಲ್ಲ. 2013ರಲ್ಲಿ ಸೊಫೋಸ್ಬುವಿರ್ ಎಂಬ ಗುಳಿಗೆ ಅಮೆರಿಕದಲ್ಲಿ ಬಳಕೆಗೆ ಬಂತು. ಅಲ್ಲಿ ಒಂದು ಗುಳಿಗೆಗೆ 1,000 ಡಾಲರು. ಮುಂದೆ ನಮ್ಮ ದೇಶದ ಕಂಪೆನಿಗಳು ಅದನ್ನೇ ಬಹಳ ಅಗ್ಗವಾಗಿ ತಯಾರಿಸತೊಡಗಿದವು. ನೆರೆಯ ಪಂಜಾಬಿನಲ್ಲಿ ಈ ರೋಗ ಹೆಚ್ಚಾಗಿದ್ದುದರಿಂದ ಅಲ್ಲಿಯ ಸರ್ಕಾರ 2016ರಲ್ಲಿ ಜಿಲ್ಲಾ ಆಸ್ಪತ್ರೆಗಳಲ್ಲಿ ಉಚಿತ ಚಿಕಿತ್ಸೆ ಆರಂಭಿಸಿತು. 2018ರ ಜುಲೈ 28ರಂದು ಕೇಂದ್ರ ಸರ್ಕಾರದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮ ಆರಂಭವಾಯಿತು. ಅದರಲ್ಲಿ ಬಿ ಮತ್ತು ಸಿ ಎರಡಕ್ಕೂ ಪರೀಕ್ಷೆ, ಔಷಧ ಉಚಿತ. ಸಾಮಾನ್ಯವಾಗಿ ಸೊಫೋಸ್ಬುವಿರ್ ಜೊತೆಗೆ ಇನ್ನೊಂದು ಔಷಧವನ್ನು ದಿನಕ್ಕೊಮ್ಮೆಯಂತೆ 12 ವಾರ ನುಂಗಬೇಕು. ನೂರಕ್ಕೆ ತೊಂಬತ್ತೈದು ಜನರಿಗೆ ಗುಣವಾಗುತ್ತದೆ. ಯಕೃತ್ತು ಆಗಲೇ ಕೆಟ್ಟಿದ್ದರೆ ಔಷಧವೂ ಅವಧಿಯೂ ಬೇರೆಯಾಗಬಹುದು. ಅದನ್ನು ವೈದ್ಯರು ನಿರ್ಧರಿಸುತ್ತಾರೆ. ಅಡಿಗೆಯವರು ಈ ಅವಧಿಯಲ್ಲಿ ಕೆಲಸ ಬಿಡಬೇಕಾಗಿಲ್ಲ. ಮದ್ಯವನ್ನು ಮಾತ್ರ ಬಿಡಬೇಕು. ಬೇರೆ ಯಾವ ಮದ್ದು, ಬೇರು, ಕಷಾಯ ಸೇವಿಸುತ್ತಿದ್ದರೂ ವೈದ್ಯರಿಗೆ ತಿಳಿಸಬೇಕು.

ವರದಿ ಓದುವಾಗ ಒಂದು ಸೂಕ್ಷ್ಮವನ್ನು ಮರೆಯಬಾರದು. ರಕ್ತನಿಧಿಯಲ್ಲಿ ಸಾಮಾನ್ಯವಾಗಿ ಮೊದಲು ನೋಡುವುದು ಪ್ರತಿಕಾಯವನ್ನು, ಅಂದರೆ ಶರೀರ ಎಂದಾದರೂ ಈ ವೈರಾಣುವನ್ನು ಎದುರಿಸಿದ್ದರ ಗುರುತನ್ನು. ವೈರಾಣು ಈಗ ಇದೆಯೇ ಎಂಬುದನ್ನು ಹೇಳುವುದು ಆರ್‌ಎನ್‌ಎ ಎಂಬ ಎರಡನೆಯ ಪರೀಕ್ಷೆ. ತಾನಾಗಿ ವಾಸಿಯಾದವರಲ್ಲಿಯೂ ಮದ್ದಿನಿಂದ ಗುಣವಾದವರಲ್ಲಿಯೂ ಪ್ರತಿಕಾಯ ಬಹುಕಾಲ ಉಳಿದಿರುತ್ತದೆ. ಇದನ್ನು ತಿಳಿಯದ ಯಜಮಾನರು ಪ್ರತಿವರ್ಷ ಅದೇ ಕಾಗದವನ್ನು ತೋರಿಸಿ, “ನಿನಗೆ ರೋಗ ಹೋಗಿಲ್ಲ” ಎನ್ನುವುದುಂಟು. ಆದುದರಿಂದ ಚಿಕಿತ್ಸೆ ಮುಗಿದ 12 ವಾರಗಳ ತರುವಾಯ ಮಾಡಿಸುವ ಆರ್‌ಎನ್‌ಎ ಪರೀಕ್ಷೆಯ ವರದಿಯನ್ನು ಅಡಿಗೆಯವರು ಜೋಪಾನವಾಗಿ ಇಟ್ಟುಕೊಳ್ಳಬೇಕು. ರಕ್ತದಾನವನ್ನು ಮಾತ್ರ ಅವರು ಇನ್ನು ಮಾಡಲಾಗದು. ಗುಣವಾದವರಿಗೆ ಸೋಂಕು ಮತ್ತೆ ತಗಲಬಹುದಾದುದರಿಂದ ರೇಜರು, ಸೂಜಿಗಳ ಎಚ್ಚರ ಮುಂದೆಯೂ ಬೇಕು.

ಸೋದರಿಯವರು ಮಾಡಬಹುದಾದ ಉಪಕಾರ ಒಂದಿದೆ. ಅಡಿಗೆಯವರನ್ನು ಸರ್ಕಾರಿ ಆಸ್ಪತ್ರೆಗೆ ಮನೆಯ ಹುಡುಗರಲ್ಲೊಬ್ಬರು ಕರೆದುಕೊಂಡು ಹೋಗಲಿ. ದೊಡ್ಡ ಆಸ್ಪತ್ರೆಯ ಸರತಿ, ಚೀಟಿ, ಹಿಂದಿಯ ಮಾತು ಇವುಗಳಿಗೆ ಅಂಜಿ ಹಿಂದಿರುಗಿ ಬಂದವರು ಬಹಳ. ಹೆಪಟೈಟಿಸ್ ಕಾರ್ಯಕ್ರಮದ ಚಿಕಿತ್ಸೆ ಎಲ್ಲಿ ದೊರೆಯುತ್ತದೆಂದು ಅಲ್ಲಿಯೇ ವಿಚಾರಿಸಬಹುದು. ಯಕೃತ್ತಿನ ರೋಗಗಳಿಗೆಂದೇ ಸ್ಥಾಪಿತವಾದ ದೊಡ್ಡ ಸಂಸ್ಥೆಯೊಂದು ನಮ್ಮ ದಿಲ್ಲಿಯ ವಸಂತಕುಂಜದಲ್ಲಿಯೇ ಇದೆ.

ಕೊನೆಗೆ ವಾಚಕರಿಗೂ ಒಂದು ಮಾತು. ದಾನದ ರಕ್ತವನ್ನು ಹೆಪಟೈಟಿಸ್ ಸಿಗಾಗಿ ಪರೀಕ್ಷಿಸುವುದು ನಮ್ಮ ದೇಶದಲ್ಲಿ ಕಡ್ಡಾಯವಾದದ್ದು ಈ ಶತಮಾನದ ಆರಂಭದಲ್ಲಿ. ಅದಕ್ಕೆ ಹಿಂದೆ ಹೆರಿಗೆಯಲ್ಲೋ ಶಸ್ತ್ರಚಿಕಿತ್ಸೆಯಲ್ಲೋ ಅಪಘಾತದಲ್ಲೋ ರಕ್ತ ಪಡೆದವರು, ಡಯಾಲಿಸಿಸ್ ಮಾಡಿಸಿಕೊಳ್ಳುವವರು, ಎಲ್ಲೆಲ್ಲೋ ಸೂಜಿ ಹಾಕಿಸಿಕೊಂಡ ನೆನಪಿರುವವರು ನಮ್ಮ ಮನೆಗಳಲ್ಲೇ ಇದ್ದಾರೆ. ಅವರೆಲ್ಲ ಒಮ್ಮೆ ಈ ಪರೀಕ್ಷೆ ಮಾಡಿಸಿಕೊಳ್ಳಲಿ. ಪ್ರತಿವರ್ಷ ಜುಲೈ 28 ವಿಶ್ವ ಹೆಪಟೈಟಿಸ್ ದಿನ. ಮನೆಯ ಕ್ಯಾಲೆಂಡರಿನಲ್ಲಿ ಅದಕ್ಕೊಂದು ಗುರುತು ಹಾಕಿಕೊಂಡು, ಆ ವಾರ ಮನೆಯ ಹಿರಿಯರನ್ನೂ ಮನೆಗೆಲಸದವರನ್ನೂ ಅಡಿಗೆಯವರನ್ನೂ ಒಟ್ಟಿಗೇ ಕರೆದುಕೊಂಡು ಹೋಗಿ ಬನ್ನಿರಿ.